ಒಳಗಿನಿಂದ ಚಿಲಕ

ಮಕ್ಕಳು ಮೊದಲ ಹೆಜ್ಜೆ ಇಟ್ಟ ದಿನ ಅಪ್ಪಂದಿರಿಗೆ ಮರೆಯುವುದಿಲ್ಲವಂತೆ. ನನಗೆ ಮರೆಯದಿರುವುದು ನನ್ನ ಮಗಳು ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡ ದಿನ.

ಚಂದನ ಹುಟ್ಟುವಾಗಲೇ ಅವಳ ಬೆನ್ನುಮೂಳೆ ಒಂದು ಕಡೆ ಕೂಡಿಕೊಂಡಿರಲಿಲ್ಲ. ಡಾಕ್ಟರು ಸ್ಪೈನಾ ಬೈಫಿಡಾ ಎಂದರು. ಹೊಳೆನರಸೀಪುರದ ನಮ್ಮ ಬೀದಿಯವರ ಬಾಯಲ್ಲಿ ಆ ಹೆಸರು ನಿಲ್ಲದೆ ಕೊನೆಗೆ ‘ಬೆನ್ನಿಂದು’ ಎಂದಾಯಿತು. ಅವಳು ವಾಕರ್ ಹಿಡಿದು ನಡೆಯುವುದು ಎಲ್ಲರಿಗೂ ಕಾಣುತ್ತದೆ. ಕಾಣದ್ದು ಇನ್ನೊಂದಿದೆ: ಮೂತ್ರ ತುಂಬಿದ್ದು ಅವಳಿಗೆ ತಿಳಿಯುವುದಿಲ್ಲ. ಗಡಿಯಾರ ನೋಡಿಕೊಂಡು, ಸಣ್ಣ ಪೈಪು ಹಾಕಿ ತೆಗೆಯಬೇಕು. ನನ್ನ ಹೆಂಡತಿ ಗಿರಿಜ ಅದಕ್ಕಾಗಿ ದಿನಾ ಮಧ್ಯಾಹ್ನ ಸ್ಕೂಟರಿನಲ್ಲಿ ಶಾಲೆಗೂ ಹೋಗಿಬರುತ್ತಿದ್ದಳು.

ಕಳೆದ ವರ್ಷ ಹಾಸನದ ಆಸ್ಪತ್ರೆಯಲ್ಲಿ ನರ್ಸೊಬ್ಬರು ಪೈಪು ಹಾಕುವ ಜಾಗ ಕಾಣಲೆಂದು ಚಂದನಳ ಕೈಗೆ ಕನ್ನಡಿ ಕೊಟ್ಟು, “ಇನ್ಮೇಲೆ ನೀನೇ ಕಲ್ತ್ಕೋ ಪುಟ್ಟಿ” ಎಂದರು.

ಗಿರಿಜ ಗಾಬರಿಯಾದಳು. “ಸಣ್ ಮಗು ಸಿಸ್ಟರ್, ಅದ್ಕೇನ್ ಗೊತ್ತಾಯ್ತದೆ?”

“ಮೈ ಅವಳ್ದು ತಾನೇ?”

ಬಸ್ಸಿನಲ್ಲಿ ಊರಿಗೆ ಬರುವಾಗ ನನಗೆ ನರ್ಸ್ ಹೇಳಿದ ಆ ‘ಕಲ್ತ್ಕೋ’ ಎಂಬುದರದ್ದೇ ಯೋಚನೆ. ನಮ್ಮ ಕನ್ನಡದ ಕ್ರಿಯಾಪದಗಳಿಗೆ ‘ಕೊ’ ಎಂಬ ಪುಟ್ಟ ಬಾಲ ಒಂದಿದೆಯಲ್ಲ! ‘ತೊಳೆ’ ಎಂದರೆ ಯಾರದ್ದೋ ಪಾತ್ರೆ. ‘ತೊಳೆದುಕೊ’ ಎಂದರೆ ನಿನ್ನದೇ ಕೈ. ಬಾಚು, ಬಾಚಿಕೊ. ಒರೆಸು, ಒರೆಸಿಕೊ. ಮಕ್ಕಳು ಬೆಳೆಯುವುದೆಂದರೆ ಒಂದೊಂದೇ ಕ್ರಿಯಾಪದಕ್ಕೆ ಈ ಬಾಲ ಅಂಟಿಸುವುದೇ ಇರಬೇಕು. ಹಾಗೆ ನೋಡಿದರೆ ನನ್ನ ಬೆಳವಣಿಗೆ ಇನ್ನೂ ಮುಗಿದಿಲ್ಲ; ಟವೆಲ್ಲು ಎಲ್ಲಿದೆಯೆಂದು ಈಗಲೂ ಬಚ್ಚಲಿನಿಂದ ಕೂಗುತ್ತೇನೆ.

ಚಂದನ ಕಲಿತದ್ದು ಸಲೀಸಾಗಿ ಅಲ್ಲ. ಕನ್ನಡಿ ಜಾರುತ್ತಿತ್ತು, ಬಟ್ಟೆ ಒದ್ದೆಯಾಗುತ್ತಿತ್ತು, ಅಳುತ್ತಿದ್ದಳು. ಗಿರಿಜ ಪಕ್ಕದಲ್ಲೇ ನಿಂತು, “ಕೈ ತೊಳ್ಕೊಂಡಾ? ಸೋಪ್ ಆಕ್ದಾ?” ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ಚಂದನ, “ಅಮ್ಮಾ, ನೀನ್ ಇಂಗ್ ನಿಂತಿದ್ರೆ ನಂಗಾಗಲ್ಲ. ಓಗು” ಎಂದು ಚಿಲಕ ಹಾಕಿಕೊಂಡಳು. ಹೊರಗೆ ನಾವಿಬ್ಬರೂ ಬಾಗಿಲಿಗೆ ಕಿವಿಗೊಟ್ಟು ನಿಂತೆವು. ಒಳಗೆ ಸದ್ದಿಲ್ಲ. ಆಮೇಲೆ ನೀರು ಸುರಿದ ಸದ್ದು. ಹೊರಗೆ ಬಂದವಳು, ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತಂದವಳಂತೆ, “ಆಯ್ತು” ಎಂದಳು. ಗಿರಿಜ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು.

ಈ ಬೇಸಿಗೆ ರಜೆಯಲ್ಲಿ ಚಂದನ ಹಳೇಕೋಟೆಯ ನನ್ನ ಅಕ್ಕನ ಮನೆಗೆ ಹೊರಟಳು, ಒಬ್ಬಳೇ. ಎರಡು ದಿನದ ಮಾತು. ಗಿರಿಜ ಫೋನನ್ನು ಕೈಯಿಂದ ಇಳಿಸಲಿಲ್ಲ. ಮೂರನೆಯ ಬೆಳಿಗ್ಗೆ ಫೋನು ಬಂದೇಬಿಟ್ಟಿತು.

“ಅಪ್ಪಾ, ಇನ್ನೂ ಎಲ್ಡ್ ದಿನ ಇರ್ತೀನಿ. ಪೈಪು ಸಾಲಲ್ಲ, ತಂದ್ಬುಡು.”

ಬೈಕಿನಲ್ಲಿ ಓಡಿದೆ. ಜಗಲಿಯ ಮೇಲೆ ಮಕ್ಕಳೊಂದಿಗೆ ಚೌಕಾಬಾರ ಆಡುತ್ತಿದ್ದವಳು ಪೊಟ್ಟಣ ಈಸಿಕೊಂಡು ಮತ್ತೆ ಆಟಕ್ಕೆ ಕೂತಳು.

“ಒಂದ್ ಕಿತಾನೂ ನನ್ನ ಕರೀನಿಲ್ಲ ಕಣ್ಲಾ” ಎಂದಳು ಅಕ್ಕ. “ಆಟ ಬುಟ್ಟು ಎದ್ದೋಯ್ತಾಳೆ, ಬತ್ತಾಳೆ. ಅಷ್ಟೆಯ.”

ನಾನು ಹೊರಟಾಗ ಚಂದನ ತಲೆಯೆತ್ತಿದಳು. “ಅಪ್ಪಾ, ಸ್ಕೂಲ್ ಸುರುವಾದ್ಮೇಲೆ ಮದ್ಯಾನ ಬರೋದು ಬ್ಯಾಡ ಅಂತ ಅಮ್ಮಂಗೆ ಏಳು.”

ಮನೆಗೆ ಬಂದು ಹೇಳಿದೆ. ಗಿರಿಜ ಚಪಾತಿ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿದಳು.

“ಅಲ್ಲಾ, ಅಂಗಾದ್ರೆ ಮದ್ಯಾನ ನಾನೇನ್ ಮಾಡ್ಲಿ?”

ಮದುವೆಯಾದಂದಿನಿಂದ ಅವಳು ಇಂಥ ಪ್ರಶ್ನೆ ಕೇಳಿದ್ದೇ ಇಲ್ಲ. ಸಲಹೆ ಕೊಡಲು ಬಾಯಿ ತೆರೆದೆ.

“ನೀವ್ ಸುಮ್ಕಿರಿ” ಎಂದಳು, ನಗುತ್ತಾ. “ನಾನೇ ಯೋಚ್ನೆ ಮಾಡ್ತೀನಿ.”