ದೈವಕ್ಕೆ ನಂಬರ್ ಇಲ್ಲ

ನಮ್ಮದು ವರ್ಕಾಡಿಯ ಕಡೆ. ಮಳೆ ಮುಗಿದ ಮೇಲೆ ಸಣ್ಣಗೆ ಹರಿಯುವ ತೋಡಿಗೆ ಅಡ್ಡವಾಗಿ ಕಲ್ಲು ಮಣ್ಣು ಹಾಕಿ ಕಟ್ಟ ಕಟ್ಟುತ್ತಾರೆ. ಅಲ್ಲಿ ನಿಂತ ನೀರು ಕಾಲುವೆಯಲ್ಲಿ ಸರದಿಯ ಪ್ರಕಾರ ಒಬ್ಬೊಬ್ಬರ ಜಾಗಕ್ಕೆ ಹರಿಯಬೇಕು. ಆ ಕಾಲುವೆಯ ಕೊನೆಯ ಮನೆ ನಮ್ಮದು. ನಾನು ಚಿಕ್ಕವಳಿದ್ದಾಗ ಯಾರ ಗಂಟಲು ದೊಡ್ಡದೋ ಸರದಿ ಅವರದ್ದು. ಅಮ್ಮ ಬೀಡಿಯ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಕಾಲುವೆಯ ಬದಿಯಲ್ಲೇ ಬೀಡಿ ಕಟ್ಟುತ್ತಾ ಕಾಯುತ್ತಿದ್ದಳು. ಎಷ್ಟೋ ದಿನ ನೀರು ನಮ್ಮವರೆಗೆ ಬರುತ್ತಲೇ ಇರಲಿಲ್ಲ.

ಆ ಮನೆಯಿಂದ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ಯಾರೂ ಸುಮ್ಮನೆ ಕೊಟ್ಟದ್ದಲ್ಲ. ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾಗ ಕಾಲುವೆಯ ನೀರು ಹಂಚುವ ಒಂದು ಪ್ರೋಗ್ರಾಂ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಯಾವುದೋ ದೇಶದವರೊಬ್ಬರು ತಮ್ಮ ಊರಿನ ರೈತರಿಗಾಗಿ ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ ಎಂದು ಬಿಟ್ಟಿದ್ದರು. ಅದನ್ನು ನಮ್ಮ ಕಟ್ಟಕ್ಕೆ ಹೊಂದಿಸಿದೆ. ಪ್ರತಿ ಮನೆಗೆ ಸರದಿಯ ಒಂದು ನಂಬರ್, ಜಾಗಕ್ಕೆ ತಕ್ಕಷ್ಟು ಹೊತ್ತು. ಕಟ್ಟದ ಸಮಿತಿಯ ಕೋಣೆಯ ಬಾಗಿಲಿಗೆ ಅಂಟಿಸಿದ ಆ ಕಾಗದದ ಎದುರು ಯಾರ ಗಂಟಲೂ ನಡೆಯಲಿಲ್ಲ. ಅಮ್ಮ ಮನೆಯೊಳಗೆ ಕೂತು ಬೀಡಿ ಕಟ್ಟತೊಡಗಿದಳು.

ದೈವಸ್ಥಾನದ ಗದ್ದೆಗೆ ಮಾತ್ರ ನಂಬರ್ ಹಾಕಲಿಲ್ಲ. ಸಮಿತಿಯ ಯಜಮಾನರನ್ನು ನಾನು ಮಾವ ಎಂದು ಕರೆಯುವುದು. "ದೈವಕ್ಕೆ ನಂಬರ್ ಹಾಕ್ಲಿಕ್ಕೆ ನಾವು ಯಾರು ಮಗಾ? ಖಾಲಿ ಬಿಡು" ಎಂದರು. ಬಿಟ್ಟೆ. ಮೊದಲ ನೀರು ದೈವದ ಗದ್ದೆಗೆ ಎಂಬುದು ಊರಿಗೇ ಗೊತ್ತಿದ್ದ ವಿಷಯ. ಕಾಗದದಲ್ಲೂ ಅದೇ ಮೊದಲು ಬಂತು. ಯಾಕೆ ಬಂತು ಎಂದು ನಾನು ಯೋಚಿಸಲಿಲ್ಲ.

ಕಳೆದ ಮಳೆಗಾಲದಲ್ಲಿ ಸಮಿತಿಯ ಹಳೆ ಕಂಪ್ಯೂಟರ್ ಕೆಟ್ಟಿತು. ಪ್ರೋಗ್ರಾಂ ಇದ್ದದ್ದು ಪೈಥಾನ್ ಎಂಬ ಭಾಷೆಯ ಎರಡನೇ ಆವೃತ್ತಿಯಲ್ಲಿ. ಹೊಸ ಕಂಪ್ಯೂಟರಿನಲ್ಲಿ ಇದ್ದದ್ದು ಮೂರನೆಯದು. ಹಳೆಯದನ್ನೇ ಅದರಲ್ಲಿ ಕೂರಿಸಲು ನೋಡಿದೆ, ಆಗಲಿಲ್ಲ. ಬರೆದವರಿಗೆ ತಿಳಿಸಿದರೆ, ತಮಗೆ ಈಗ ಪುರುಸೊತ್ತಿಲ್ಲ, ನೀವೇ ಮೂರಕ್ಕೆ ದಾಟಿಸಿ ಕಳುಹಿಸಿದರೆ ನೋಡುತ್ತೇನೆ ಎಂದರು.

ಅಷ್ಟರಲ್ಲಿ ಕಟ್ಟ ಕಟ್ಟಿ ಆಗಿತ್ತು. ಭಾನುವಾರದ ಸಭೆಗೆ ಸರದಿಯ ಕಾಗದ ಬೇಕು. ಇಲ್ಲದಿದ್ದರೆ ಮೊದಲಿನ ಕ್ರಮವೇ ಸಾಕು ಎನ್ನುವವರು ಕಾಲುವೆಯ ಮೇಲಿನ ಜಾಗದವರಲ್ಲಿ ಕಾದು ಕೂತಿದ್ದರು. ಅಮ್ಮ ಬೀಡಿ ಕೊಡಲು ಹೋದಲ್ಲೆಲ್ಲ ಹೇಳಿಯಾಗಿತ್ತು: "ನನ್ನ ಮಗಳು ಉಂಟಲ್ಲ, ಅವಳು ಮಾಡ್ತಾಳೆ."

ನಾನು ಕೆಲಸ ಮಾಡುವುದು ಹೊಸಂಗಡಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ, ಆನ್‌ಲೈನ್ ಅರ್ಜಿ ಹಾಕಿಕೊಡುವುದು. ಅರ್ಜಿಯವರ ನಡುವೆ ಸಿಕ್ಕಿದ ಹೊತ್ತಿನಲ್ಲಿ ಪ್ರೋಗ್ರಾಂ ತಿದ್ದುತ್ತಿದ್ದೆ. ಒಂದು ತಪ್ಪು ಸರಿಮಾಡಿದರೆ ಅದರ ಹಿಂದೆ ಅಡಗಿದ್ದ ಇನ್ನೊಂದು ಎದುರು ಬರುತ್ತಿತ್ತು. ಬಿಟ್ಟು ಏಳುವ ಹಾಗೂ ಇಲ್ಲ, ಮುಗಿಯುವ ಲಕ್ಷಣವೂ ಇಲ್ಲ. ಪರದೆಯ ತುಂಬ ಕೆಂಪು ಸಾಲುಗಳನ್ನು ಕಂಡು ಒಬ್ಬ ಗಿರಾಕಿ, "ಎಂತ ಮಾರಾಯ್ತಿ, ನಿನ್ನ ಕಂಪ್ಯೂಟರಿಗೆ ಭೂತದ ಕೋಟಲೆಯಾ?" ಎಂದು ನಕ್ಕ.

ಶನಿವಾರ ಒಂದೇ ತಪ್ಪು ಉಳಿಯಿತು. ಸಂಖ್ಯೆಯ ಜೊತೆ ಖಾಲಿಯನ್ನು ಹೋಲಿಸಲು ಆಗುವುದಿಲ್ಲ ಎಂದು ಹೊಸ ಆವೃತ್ತಿ ಹಟ ಹಿಡಿದಿತ್ತು. ನಂಬರ್ ಇಲ್ಲದ್ದು ಕೊನೆಗೆ ಹೋಗಲಿ ಎಂದು, ಖಾಲಿ ಇದ್ದಲ್ಲಿ ದೊಡ್ಡದೊಂದು ಸಂಖ್ಯೆ ಇದೆ ಎಂದು ತಿಳಿದುಕೊಳ್ಳುವಂತೆ ಬರೆದೆ. ಓಡಿತು. ಊರಿನ ಬಸ್ಸು ಹೊರಡಲು ನಿಂತಿತ್ತು, ಖಾಲಿ ಬಿಟ್ಟದ್ದು ಯಾವುದು ಎಂದು ನೆನಪು ಮಾಡಿಕೊಳ್ಳಲೂ ಪುರುಸೊತ್ತಿರಲಿಲ್ಲ. ಮುದ್ರಿಸಿ, ಮಡಚಿ, ಹತ್ತಿದೆ.

ಸಭೆಯಲ್ಲಿ ಮೇಲಿನ ಜಾಗದವರೊಬ್ಬರು ಕಾಗದವನ್ನು ಕೆಳಗಿನಿಂದ ಓದಿದರು. ಕೊನೆಯ ಸಾಲು ದೈವಸ್ಥಾನದ ಗದ್ದೆ. ಅದರ ಮೇಲಿನದು ನಮ್ಮ ಮನೆ.

"ಹೋ, ಡಿಗ್ರಿಯವರ ಮನೆಗೆ ಆಗಿ ಉಳಿದ್ರೆ ದೈವಕ್ಕಾ? ಇನ್ನು ದೈವದ ನೇಮ ಸಹ ಇವರ ಅಂಗಳದಲ್ಲೇ ಆಗ್ಲಿ."

ಕೆಲವರು ನಕ್ಕರು. "ಇದನ್ನು ಹರಿದು ಬಿಸಾಡಿ. ಮೊದಲಿನ ಹಾಗೆಯೇ ಮಾಡುವ," ಎಂದರು ಅವರು. ಹಿಂದೆ ನಿಂತಿದ್ದ ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಎಂತ ಮಗಾ ಇದು?" ಎಂದರು ಮಾವ.

"ಸಂಜೆಯೊಳಗೆ ಸರಿ ಮಾಡಿ ತರ್ತೇನೆ ಮಾವ. ಅಷ್ಟರವರೆಗೆ ಯಾರೂ ನೀರು ತಿರುಗಿಸುದು ಬೇಡ."

"ಸಂಜೆವರೆಗೆ ಹಿಡಿದು ನಿಲ್ಲಿಸ್ತೇನೆ. ಮತ್ತೆ ನನ್ನ ಕೈಯಲ್ಲಿ ಇಲ್ಲ."

ಸಮಿತಿಯ ಹೊಸ ಕಂಪ್ಯೂಟರಿನ ಎದುರು ಕೂತು ಹುಡುಕಿದಾಗ ಗೊತ್ತಾಯಿತು. ಹಳೆ ಆವೃತ್ತಿಗೆ ಖಾಲಿ ಎಂದರೆ ಎಲ್ಲ ಸಂಖ್ಯೆಗಿಂತ ಚಿಕ್ಕದು. ಹಾಗಾಗಿ ಅದು ತಾನೇ ಮುಂದೆ ಬಂದು ನಿಲ್ಲುತ್ತಿತ್ತು. ಇಷ್ಟು ವರ್ಷ ದೈವದ ಮರ್ಯಾದೆ ಉಳಿದದ್ದು ಆ ಭಾಷೆಯ ಒಂದು ಅಭ್ಯಾಸದಿಂದ. ಅದರಲ್ಲಿ ನನ್ನ ಜಾಣತನ ಏನೂ ಇರಲಿಲ್ಲ. ನಂಬರ್ ಇಲ್ಲದವರು ಮೊದಲು ಎಂದು ಒಂದು ನಿಯಮ ಬರೆದೆ. ಬೆಳಕಿರುವಾಗಲೇ ಹೊಸ ಕಾಗದ ಬಾಗಿಲಿಗೆ ಅಂಟಿತು. ನಮ್ಮ ಮನೆ ಮತ್ತೆ ಕೊನೆಯ ಸಾಲು. ಆದರೆ ಆ ಸಾಲಿನ ಎದುರು ನಮ್ಮ ಹೊತ್ತು ಬರೆದಿತ್ತು.

ತಿದ್ದಿದ್ದನ್ನೆಲ್ಲ ಮೂಲ ಪ್ರೋಗ್ರಾಂ ಬರೆದವರಿಗೆ ಕಳುಹಿಸಿದೆ. ಬಹಳ ಮೆಚ್ಚಿದರು, ಆ ಒಂದು ನಿಯಮ ಮಾತ್ರ ತೆಗೆಯಬೇಕು ಎಂದರು. ಖಾಲಿ ಇದ್ದರೆ ಪ್ರೋಗ್ರಾಂ ನಿಂತು ತಪ್ಪು ತೋರಿಸಬೇಕು, ಬೇಕಾದರೆ ಆ ಗದ್ದೆಗೆ ಸೊನ್ನೆ ಕೊಡಿ ಎಂದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಮಾವನನ್ನು ಕೇಳಿ ನೋಡಿದೆ.

"ದೈವಕ್ಕೆ ಸೊನ್ನೆಯಾ?" ಮಾವ ಎಲೆಯಡಿಕೆ ಉಗುಳಿ ಬಂದರು. "ನೇಮದ ದಿನ ದೈವದ ಎದುರು ನಿಂತು ನೀನೇ ಹೇಳು. ನಾನು ಹೇಳ್ಲಿಕ್ಕಿಲ್ಲ."

ಹಾಗಾಗಿ ನಮ್ಮ ಕಟ್ಟದ ಪ್ರೋಗ್ರಾಂ ಈಗ ಬೇರೆ, ಅವರದ್ದು ಬೇರೆ. ಅವರು ಏನು ತಿದ್ದಿದರೂ, ಭಾಷೆಯ ಹೊಸ ಆವೃತ್ತಿ ಬಂದರೂ, ನಮ್ಮದನ್ನು ದಾಟಿಸಬೇಕಾದವಳು ನಾನೊಬ್ಬಳೇ. ಇನ್ನೊಬ್ಬರಿಗೆ ಕಲಿಸುತ್ತೇನೆ ಎಂದು ಸಮಿತಿಗೆ ಹೇಳಿದೆ. "ನೀನು ಇದ್ದಿಯಲ್ಲ" ಎಂದರು.

ಮೊನ್ನೆ ನನಗೆ ಬಂದ್ಯೋಡಿನ ಆಚೆಯಿಂದ ಒಂದು ಸಂಬಂಧ ಬಂತು. ಮಾವ ಮನೆಗೆ ಬಂದು ಚಾ ಕುಡಿಯುತ್ತ ಹುಡುಗನ ಕೆಲಸ ಕೇಳಲಿಲ್ಲ, ಮನೆತನ ಕೇಳಲಿಲ್ಲ.

"ಅಲ್ಲಿಂದ ಕಟ್ಟದ ಸಮಯಕ್ಕೆ ಬರ್ಲಿಕ್ಕೆ ಆಗ್ತದಾ ಇವಳಿಗೆ?"

ಅಮ್ಮ ಗೆರಸೆಯಿಂದ ತಲೆ ಎತ್ತದೆ, ಹೆಮ್ಮೆಯಿಂದಲೇ ಹೇಳಿದಳು: "ಎಲ್ಲಿ ಕೊಟ್ರೂ ಕಟ್ಟದ ಸಮಯಕ್ಕೆ ಇಲ್ಲೇ ಇರ್ತಾಳೆ."

ಹೊರಗೆ ನಮ್ಮ ಸರದಿಯ ನೀರು ಬರುವ ಸದ್ದು ಕೇಳುತ್ತಿತ್ತು. ನಾನು ಎದ್ದು ಹೋಗಿ ನೀರು ತಿರುಗಿಸಿದೆ.