ಅಜ್ಜಿಗೆಂದು ಕೊಂಡ ಮನೆವ್ಯಾನು

ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲಿ ಕಾರಿದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲ ಅದು. ನಾನಾಗ ಆರನೇ ಕ್ಲಾಸು. ಅಪ್ಪ ಗುಬ್ಬಿ ಮೇಲೆ ಚೇಳೂರಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಆರು ದಿನ ಸ್ಟೇರಿಂಗ್ ಹಿಡಿದು, ಭಾನುವಾರ ಮಧ್ಯಾಹ್ನದವರೆಗೂ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಅವನ ಅಂಗಿಯ ಡೀಸೆಲ್ ವಾಸನೆ ಒಗೆದರೂ ಹೋಗುತ್ತಿರಲಿಲ್ಲ.

ಅಪ್ಪನ ತಾಯಿ ನಮ್ಮ ಜೊತೆಗೇ ಇದ್ದಳು. ಆ ವರ್ಷ ಗುಬ್ಬಿಗೆ ಒಂದು ಮದುವೆಗೆ ಹೊರಟಾಗ, ತಡೆದುಕೊಳ್ಳಲಾಗದೆ ಬಸ್ಸಿನಲ್ಲೇ ಅಜ್ಜಿಯ ಸೀರೆ ಒದ್ದೆಯಾಯಿತು. ಪಕ್ಕದಲ್ಲಿದ್ದ ನಾನು ಎದ್ದು ಹಿಂದಿನ ಸೀಟಿಗೆ ಹೋದೆ. ಅಜ್ಜಿ ನೋಡಿದಳು, ಬೈಯಲಿಲ್ಲ. ಅವತ್ತಿನಿಂದ ಹೊಸಿಲು ದಾಟುವುದನ್ನೇ ಬಿಟ್ಟಳು. ಕುಣಿಗಲ್ ಆಚೆಯ ಹಳ್ಳಿಯಲ್ಲಿದ್ದ ತಂಗಿಗೆ ಕಣ್ಣು ಪೂರ್ತಿ ಹೋಯಿತೆಂಬ ಸುದ್ದಿ ಬಂದಾಗಲೂ, ತಾನು ಬರುವುದಿಲ್ಲ ಎಂದು ಮುಸುಕೆಳೆದುಕೊಂಡಳು.

ಕ್ಯಾತ್ಸಂದ್ರದಲ್ಲಿ ರಿಟೈರಾದ ಮೇಷ್ಟ್ರೊಬ್ಬರು ಹಳೇ ಟೆಂಪೋ ವ್ಯಾನಿನೊಳಗೆ ಮನೆ ಮಾಡಿಸಿದ್ದಾರೆ, ಮಾರುತ್ತಾರಂತೆ ಎಂದು ಅಪ್ಪನ ಬಸ್ಸಿನ ಕಂಡಕ್ಟರ್ ಹೇಳಿದ. ಒಂದು ಭಾನುವಾರ ಅಪ್ಪ, ಅಮ್ಮ, ನಾನು ಹೋದೆವು. ಒಳಗೆ ಒಂದು ಮಂಚ, ಗ್ಯಾಸ್ ಒಲೆ, ಮಡಚುವ ಮೇಜು. ಹಿಂದುಗಡೆ ಪ್ಲಾಸ್ಟಿಕ್ ಪರದೆಯ ಆಚೆ ಕಕ್ಕಸು.

ಅಪ್ಪ ಅಡಿಯಲ್ಲಿ ತೂರಿ ನೋಡಿ ಎದ್ದು, "ಇದು ನನಗಿಂತ ಸುಸ್ತಾಗೈತೆ" ಎಂದ. ಅಮ್ಮ ಇಂಜಿನ್ನಿನ ಕಡೆ ತಿರುಗಲಿಲ್ಲ. ಕಕ್ಕಸಿಗೆ ಒಂದು ಚೊಂಬು ನೀರು ಸುರಿದು, ಬಗ್ಗಿ, ಎಲ್ಲಾದರೂ ಸೋರುತ್ತದೆಯೇ ನೋಡಿದಳು. ಆಮೇಲೆ ಬಾಗಿಲ ಮೆಟ್ಟಿಲು ಯಾಕಿಷ್ಟು ತಗ್ಗು ಎಂದು ಕೇಳಿದಳು.

"ನಮ್ಮನೆಯವಳಿಗೆ ಮಂಡಿ ಮಡಚಕ್ಕಾಗ್ತಿರಲಿಲ್ಲಮ್ಮ" ಎಂದರು ಮೇಷ್ಟ್ರು. "ಅವಳಿಗೆ ಅಂತ ಹಾಕ್ಸಿದ್ದು. ಎರಡೇ ಸಲ ಹತ್ತಿದ್ಲು."

ಅಪ್ಪ ಚೌಕಾಸಿ ಮಾಡಲಿಲ್ಲ.

ವ್ಯಾನು ಮನೆ ಮುಂದೆ ನಿಂತರೂ ಅಜ್ಜಿ ಜಗ್ಗಲಿಲ್ಲ. ಒಳಗಿನ ಕಕ್ಕಸನ್ನು ತೊಳೆಯುವವರು ಯಾರು ಎನ್ನುವುದೊಂದೇ ಅವಳ ಪ್ರಶ್ನೆ.

"ಮನೇಲಿ ಯಾರು ತೊಳೀತಾರೆ? ನಾನೇ ತಾನೆ. ಹತ್ತಿ ಅತ್ತೆ" ಎಂದಳು ಅಮ್ಮ. ದನಿಯಲ್ಲಿ ಅಕ್ಕರೆಯಿರಲಿಲ್ಲ, ಆಯಾಸವಿತ್ತು. ಅದಕ್ಕೇ ಇರಬೇಕು, ಅಜ್ಜಿ ನಂಬಿದಳು.

ಅಜ್ಜಿಯ ತಂಗಿಯ ಹಳ್ಳಿಗೆ ಹೊರಟೆವು. ಹೆಬ್ಬೂರು ದಾಟುವಷ್ಟರಲ್ಲಿ ಇಂಜಿನ್ ಕುದಿಯಿತು. ಅಪ್ಪ ಬಾನೆಟ್ ಎತ್ತಿ ರಸ್ತೆ ಬದಿ ಕುಕ್ಕರಗಾಲಲ್ಲಿ ಕೂತು ಕಾದ. ಒಳಗೆ ಫಿನಾಯಿಲ್ ವಾಸನೆಯ ಜೊತೆ ಅಮ್ಮ ಕಟ್ಟಿಕೊಂಡು ಬಂದಿದ್ದ ಅವರೆಕಾಳು ಉಪ್ಪಿಟ್ಟಿನ ಘಮ. ಪ್ರಯಾಣವೆಂದರೆ ತುಟಿಗೆ ನೀರು ಸೋಕಿಸದಿದ್ದ ಅಜ್ಜಿ ಅವತ್ತು ಒಂದು ಚೊಂಬು ಪೂರ್ತಿ ಕುಡಿದಳು. ನಾವಿಬ್ಬರೂ ಚೌಕಾಬಾರ ಆಡುತ್ತಿದ್ದೆವು. ಬಸ್ಸಿನಲ್ಲಿ ಅವತ್ತು ನಾನು ಎದ್ದು ಹೋದದ್ದು ತಪ್ಪು ಎಂದು ಹೇಳಲು ಬಾಯಿ ತೆರೆದೆ.

"ಆಡವ್ವ, ನಿನ್ನಾಟ" ಎಂದಳು ಅಜ್ಜಿ, ಕವಡೆಗಳನ್ನು ನನ್ನ ಕಡೆ ತಳ್ಳಿ.

ಹಳ್ಳಿ ತಲುಪಿದಾಗ ಚಿಕ್ಕಜ್ಜಿಯನ್ನು ಅವಳ ಸೊಸೆ ಕೈಹಿಡಿದು ಕರೆತಂದಳು. ಅವಳು ಮೆಟ್ಟಿಲು, ಮಂಚ, ಒಲೆ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಕೊನೆಗೆ ಅಜ್ಜಿಯ ಮುಖ ಸವರಿ, "ಅಕ್ಕಯ್ಯ, ಮನೇನೇ ತಂದ್ಬುಟ್ಟಲ್ಲೇ" ಎಂದಳು. ಮುದ್ದೆ, ಹುರುಳಿಕಾಳು ಸಾರು ಅಲ್ಲಿಗೇ ಬಂತು. ಉಂಡು ಅಕ್ಕ ತಂಗಿ ಆ ಕಿರಿದಾದ ಮಂಚದ ಮೇಲೆ ಒತ್ತಿಕೊಂಡು ಮಲಗಿದರು. ಅಪ್ಪ ಹೊಂಗೆ ಮರದಡಿ ಗೋಣಿಚೀಲ ಹಾಸಿ, ಉಣ್ಣುವುದಕ್ಕೂ ಏಳದೆ ನಿದ್ದೆ ಹೋಗಿದ್ದ. ಹೊರಡುವ ಮುಂಚೆ ಅಮ್ಮ ಪರದೆಯ ಹಿಂದೆ ಎಲ್ಲ ತೊಳೆದು ಬಂದು, ತೊಟ್ಟಿಯ ಬಳಿ ಬಹಳ ಹೊತ್ತು ಕೈ ಉಜ್ಜಿಕೊಂಡಳು.

ಆಮೇಲೆ ಮೂರು ಸಲ ಹೋದೆವು. ಮರುವರ್ಷದ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಳು. ವ್ಯಾನು ಗುಜರಿಗೆ ಹೋಯಿತು.

ಈಗ ನನಗೆ ಆಗಿನ ಅಪ್ಪನ ವಯಸ್ಸು. ಬಾಗಿಲಲ್ಲಿ ಏಸಿ ಕಾರಿದೆ. ಚಿಕ್ಕಜ್ಜಿಯ ಮೊಮ್ಮಕ್ಕಳು ಎದುರು ಬಂದರೆ ಗುರುತು ಹಿಡಿಯಲಾರೆ. ಅಮ್ಮ ಎರಡು ವರ್ಷದಿಂದ ಯಾವ ಮದುವೆಗೂ ಬರುತ್ತಿಲ್ಲ. "ನೀನ್ ಹೋಗ್ಬಾ, ನಂಗಾಗಲ್ಲ" ಅನ್ನುತ್ತಾಳೆ. ಯಾವುದು ಆಗಲ್ಲ ಅನ್ನುವುದು ನನಗೆ ಗೊತ್ತು, ಅಜ್ಜಿಗೆ ಆಗದಿದ್ದದ್ದೇ. ಕೆಲಸ ಮುಗಿಸಿ ಸುಸ್ತಾಗಿ ಬಂದು, ಸರಿ ಎಂದು ಒಬ್ಬಳೇ ಹೊರಡುತ್ತೇನೆ.