ಐಸಿನ ಕಾಕನ ಕೈ

ಅವರ ಹುಬ್ಬಿನಲ್ಲಿ ಯಾವಾಗ ನೋಡಿದರೂ ಮರದ ಹುಡಿ ಅಂಟಿಕೊಂಡಿರುತ್ತಿತ್ತು. ಐಸಿನ ಗಡ್ಡೆಗಳು ಬೇಗ ಕರಗದಿರಲೆಂದು ಮರದ ಮಿಲ್ಲಿನ ಹುಡಿಯಲ್ಲಿ ಹೂತು, ಮೇಲೆ ಗೋಣಿಚೀಲ ಹೊದೆಸಿ, ಕೈಗಾಡಿ ತಳ್ಳಿಕೊಂಡು ಅವರು ನಮ್ಮ ಓಣಿಗೆ ಬರುತ್ತಿದ್ದರು. ಟೊಪ್ಪಿಯ ಅಂಚು ಒದ್ದೆ, ಲುಂಗಿ ಒದ್ದೆ, ನಿಂತಲ್ಲೆಲ್ಲ ಕಾಲಬುಡದಲ್ಲಿ ಒಂದಿಷ್ಟು ನೀರು. ಅಜ್ಜಿ ಅವರನ್ನು ಜಗಲಿ ಹತ್ತಲು ಬಿಡುತ್ತಿರಲಿಲ್ಲ. ಜಾತಿಯ ಕಾರಣಕ್ಕೆ ಎಂದರೆ ಅರ್ಧ ನಿಜ. ಸೆಗಣಿ ಸಾರಿಸಿದ ನೆಲ ಹಾಳಾಗುತ್ತದೆ ಎಂಬ ಸಿಟ್ಟು ಉಳಿದರ್ಧ.

ಮಂಗಳೂರಿನ ಬಂದರಿನ ಹಿಂದಿನ ಓಣಿ ನಮ್ಮದು. ಓಣಿಯ ಆಚೆ ತುದಿಯಲ್ಲಿ ಅವರ ಮನೆ. ಒಂದು ಕಾಲಕ್ಕೆ ಒಣಮೀನಿನ ವ್ಯಾಪಾರ ಮಾಡುತ್ತಿದ್ದ ಬ್ಯಾರಿ ಮುಸ್ಲಿಮರ ಮನೆತನ. ಇವರ ಪಾಲಿಗೆ ಬಂದದ್ದು ಐಸಿನ ಗಾಡಿ. ದೋಣಿ ನಿಲ್ಲುವ ಧಕ್ಕೆಯಲ್ಲಿ ಮೀನಿಗೆ, ಪೇಟೆಯಲ್ಲಿ ಶರಬತ್ತಿನ ಅಂಗಡಿಗೆ ಐಸು ಹಾಕುತ್ತಿದ್ದರು. ನಮಗೆಲ್ಲ ಐಸಿನ ಕಾಕ. ಬೇರೆ ಹೆಸರು ಇದ್ದೇ ಇತ್ತು, ನಾವು ಕರೆದದ್ದಿಲ್ಲ. ಯಾರಾದರೂ ಮಾತಿಗೆ ನಿಲ್ಲಿಸಿದರೆ, "ನಿಲ್ಲಿಕ್ಕೆ ಆಗುದಿಲ್ಲ ಮಾರಾಯ, ಕರಗ್ತದೆ" ಎಂದು ಹೇಳಿ ಗಾಡಿ ಮುಂದೆ ತಳ್ಳುತ್ತಿದ್ದರು. ಮಕ್ಕಳು ಸುತ್ತುಗಟ್ಟಿದರೆ ಮಾತ್ರ ನಿಂತು ಚೂರು ಒಡೆದು ಕೊಡುತ್ತಿದ್ದರು. ಆ ಚೂರಿಗೆ ಅಂಟಿದ ಹುಡಿಯನ್ನು ಉಗುಳುತ್ತಾ ಚೀಪಿದ್ದು ನನಗೂ ನೆನಪುಂಟು. ನಾವು ಮಾತಾಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಳೆಗಾಲದಲ್ಲಿ ಫ್ಲೂ ಜ್ವರ ಬಂತು. ಹಡಗಿನಲ್ಲಿ ಬಂತು ಎಂದರು ಕೆಲವರು, ಗಾಳಿಯಲ್ಲಿ ಬಂತು ಎಂದರು ಕೆಲವರು. ಶಾಲೆ ಮುಚ್ಚಬೇಕೇ, ಟಾಕೀಸು ಮುಚ್ಚಬೇಕೇ ಎಂದು ಹೋಟೆಲುಗಳಲ್ಲಿ ಚರ್ಚೆ. ಮುಚ್ಚುವ ಹುಕುಂ ಮದ್ರಾಸಿನಿಂದ ಬರಬೇಕೋ ಬೆಂಗಳೂರಿನಿಂದ ಬರಬೇಕೋ ಎಂಬುದೇ ಕೆಲವು ಗುಮಾಸ್ತರಿಗೆ ಸರಿಯಾಗಿ ತಿಳಿದಿರಲಿಲ್ಲ. ರಾಜ್ಯ ಬದಲಾದದ್ದು ಜ್ವರಕ್ಕಂತೂ ಗೊತ್ತಿರಲಿಲ್ಲ. ಹುಕುಂ ಬರುವ ಮೊದಲೇ ಶಾಲೆಯಲ್ಲಿ ಮಕ್ಕಳಿರಲಿಲ್ಲ, ಹಂಚಿನ ಕಾರ್ಖಾನೆಯ ಸೀಟಿ ಊದಿದರೆ ಹೋಗುವವರಿರಲಿಲ್ಲ. ಎಲ್ಲರ ಕೊರಳಲ್ಲೂ ಕರ್ಪೂರದ ಗಂಟು, ಎಲ್ಲ ಮನೆಯಿಂದಲೂ ಕಷಾಯದ ವಾಸನೆ.

ಐಸಿನ ಜಗಳ ಶುರುವಾದದ್ದು ಆಗ. ಜ್ವರ ನೆತ್ತಿಗೇರಿದರೆ ತಲೆಗೆ ಐಸು ಇಡಿ ಎಂದರು ಪೇಟೆಯ ಡಾಕ್ಟರು. ಮೇಲಿನಿಂದ ತಂಪು ಬಿದ್ದರೆ ಜ್ವರ ಒಳಗೆ ಇಳಿದು ಎದೆ ಹಿಡಿಯುತ್ತದೆ ಎಂದರು ಮದ್ದು ಕೊಡುವ ಪಂಡಿತರು. ಊರು ಎರಡು ಪಾರ್ಟಿಯಾಯಿತು. ಪತ್ರಿಕೆಗೆ ಕಾಗದ ಬರೆದವರೂ ಇದ್ದರು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು ವಾದ ಮಾಡಿದವರನ್ನು ಅಪ್ಪ ನೋಡಿ ಬಂದು ಹೇಳಿದ್ದರು. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲ, ಮೀನಿಲ್ಲ, ಐಸಿಗೆ ಗಿರಾಕಿ ಇಲ್ಲ. ಹಾಗಾಗಿ, "ಇದು ಐಸಿನವರೂ ಡಾಕ್ಟ್ರೂ ಸೇರಿ ಮಾಡಿದ ಕೆಲಸ" ಎಂಬ ಮಾತೂ ಹುಟ್ಟಿತು. ಕಾಕ ಗಾಡಿ ತಳ್ಳುತ್ತಾ ಹೋದರು. ಕರೆದ ಮನೆಗೆ ಐಸು ಕೊಟ್ಟರು, ಕರೆಯದ ಮನೆಯ ಮುಂದೆ ಹಾದುಹೋದರು.

ನಮ್ಮ ಮನೆಯಲ್ಲಿ ಮೊದಲು ಮಲಗಿದ್ದು ಅಪ್ಪ, ಆಮೇಲೆ ಅಮ್ಮ. ಅಪ್ಪ ಎದ್ದರು. ಅಮ್ಮನಿಗೆ ಮೊದಲೇ ದಮ್ಮು ಇತ್ತು. ಡಾಕ್ಟರು ಹೇಳಿದಂತೆ ಕಾಕ ಐಸು ತಂದುಕೊಟ್ಟರು. ನಾನೇ ಬಟ್ಟೆಯಲ್ಲಿ ಕಟ್ಟಿ ಅಮ್ಮನ ಹಣೆಗೆ ಇಟ್ಟೆ. ಮೂರನೆಯ ದಿನ ಅಮ್ಮ ಹೋದಳು, ಹಣೆಯ ಮೇಲೆ ಬಟ್ಟೆ ಹಾಗೇ ಇತ್ತು.

ಸತ್ತ ಮನೆಗೆ ಓಣಿಯೇ ಬರುವುದು ಪದ್ಧತಿ. ಅರ್ಧ ಓಣಿ ಮಲಗಿತ್ತು, ಉಳಿದರ್ಧ ಹೆದರಿತ್ತು. ಬಂದವರು ಅಂಗಳದಲ್ಲೇ ನಿಂತು ಹೋದರು. ನನಗೆ ಆಗ ಹದಿನೆಂಟು. ಅಳು ಬರಲಿಲ್ಲ. ಬರಲಿಲ್ಲವಲ್ಲ ಎಂದು ಬೇಸರವೂ ಆಗಲಿಲ್ಲ. ಅಕ್ಕಿ ತೊಳೆದೆ, ಗಂಜಿ ಇಟ್ಟೆ, ಆರು ವರ್ಷದ ತಮ್ಮನಿಗೆ ಉಣ್ಣಿಸಿದೆ. ಅಮ್ಮ ಎಲ್ಲಿ ಎಂದು ಅವನು ಕೇಳಿದ. ಮಾವಿನಮರ ಕಡಿಯುವ ಸದ್ದು ಹಿಂದಿನಿಂದ ಕೇಳುತ್ತಿತ್ತು, ಚಿತೆಗೆ. ಹಿತ್ತಿಲಲ್ಲಿ ಇದ್ದಾಳೆ ಎಂದೆ. ಅಜ್ಜಿ ಅಮ್ಮನ ಅಮ್ಮ, ಹೋದವಳು ಅವಳ ಒಬ್ಬಳೇ ಮಗಳು. ಅವಳು ಗೋಡೆಗೆ ಒರಗಿ ಕೂತು ಒಂದೇ ಮಾತು ಹೇಳಿದಳು: "ಐಸು ಇಟ್ಟು ಕೊಂದ್ರಿ."

ಕಾಕನಿಗೂ ಒಬ್ಬಳೇ ಮಗಳು. ತಮ್ಮನ ಪ್ರಾಯದವಳು, ಒಟ್ಟಿಗೆ ಆಡುವವಳು. ಖಾಲಿ ಗಾಡಿಯ ಮೇಲೆ ಗೋಣಿ ಹಾಸಿ ಕೂತು, ಅಪ್ಪ ತಳ್ಳುವಾಗ ನಮ್ಮ ಮನೆಯ ಕಡೆ ಕೈಬೀಸುತ್ತಾ ಹೋಗುತ್ತಿದ್ದಳು. ಅಮ್ಮ ಹೋಗಿ ವಾರ ಕಳೆದಿರಬೇಕು, ಅವಳಿಗೆ ಜ್ವರ ಬಂತು. ನಾಲ್ಕು ದಿನ ಗಾಡಿ ಬರಲಿಲ್ಲ. ಐದನೆಯ ದಿನ ಕಿಟಕಿಯಿಂದ ನೋಡಿದೆ. ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಕಾಕ ಎರಡೂ ಕೈಯಲ್ಲಿ ಎತ್ತಿಕೊಂಡು ಮಸೀದಿಯ ದಾರಿಯಲ್ಲಿ ಹೋಗುತ್ತಿದ್ದರು. ಹಿಂದೆ ಕೆಲವೇ ಜನ. ಮಳೆ ಬರುತ್ತಿತ್ತು. ಮರುದಿನ ಬೆಳಿಗ್ಗೆ ಗಾಡಿಯ ಚಕ್ರದ ಸದ್ದು ಎಂದಿನ ಹೊತ್ತಿಗೆ ಕೇಳಿತು.

ಆ ಮಗುವಿನ ತಲೆಗೆ ಐಸು ಇಟ್ಟಿರಲಿಲ್ಲ ಎಂಬ ಸುದ್ದಿ ಅಂದೇ ಓಣಿಗೆಲ್ಲ ಗೊತ್ತಾಯಿತು. ಜನ ಅಷ್ಟನ್ನೇ ಹಿಡಿದುಕೊಂಡರು. ಊರಿಗೆಲ್ಲ ಐಸು ಹಂಚುವವನು ಸ್ವಂತ ಮಗಳಿಗೆ ಚೂರು ಇಡಲಿಲ್ಲ ಎಂದಾದರೆ ಅವನಿಗೆ ಒಳಗುಟ್ಟು ಗೊತ್ತುಂಟು, ಐಸು ವಿಷ ಎಂದು ಅವನಿಗೆ ಮೊದಲೇ ಗೊತ್ತುಂಟು. ಕಷಾಯದ ಪಾರ್ಟಿ ಗೆದ್ದಿತು. ಡಾಕ್ಟರು ಎಷ್ಟು ಹೇಳಿದರೂ ಮನೆಮನೆಯಲ್ಲಿ ಐಸು ಬೇಡ ಎಂದರು. ಗಾಡಿ ಹೋದ ಹಾಗೆಯೇ ತುಂಬಿ ವಾಪಸು ಬರುತ್ತಿತ್ತು, ಅಡಿಯಿಂದ ನೀರು ಸೋರುತ್ತಾ.

ಆಗ ತಮ್ಮ ಮಲಗಿದ. ಎರಡನೆಯ ದಿನಕ್ಕೆ ಮೈ ಬೆಂಕಿ, ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತಿತ್ತು, ಏನೇನೋ ಬಡಬಡಿಸುತ್ತಿದ್ದ. ಡಾಕ್ಟರು ಬಂದು ಹೇಳಿದ್ದು ಅದೇ: ಜ್ವರ ಇಳಿಸದಿದ್ದರೆ ಹುಡುಗ ಕೈಗೆ ಸಿಗುವುದಿಲ್ಲ, ಐಸು ಇಡಿ. ಅಪ್ಪ ಅಜ್ಜಿಯ ಮುಖ ನೋಡಿದರು. ಮನೆ ಅಜ್ಜಿಯದು, ಮಾತೂ ಅಜ್ಜಿಯದು. ಅವಳು ತಮ್ಮನ ಹಾಸಿಗೆಯ ಪಕ್ಕದಲ್ಲಿ ಕೂತವಳು ಏಳಲಿಲ್ಲ.

ಮಧ್ಯಾಹ್ನ ಗಾಡಿಯ ಸದ್ದು ಕೇಳಿ ನಾನು ಗೇಟಿಗೆ ಹೋದೆ. "ಅಜ್ಜಿ ಬೇಡ ಅಂತಾಳೆ ಕಾಕ" ಎಂದೆ.

"ಯಾರಿಗೆ ಜ್ವರ?"

"ತಮ್ಮನಿಗೆ."

"ಬೇಡ ಯಾಕಂತೆ?"

ಜನ ಆಡಿಕೊಳ್ಳುವುದನ್ನು ಹಾಗೇ ಹೇಳಿದೆ. ಮಗಳು ಹೋದ ಮನುಷ್ಯನ ಮುಖಕ್ಕೆ ಅದನ್ನು ಹೇಳಬಾರದೆಂಬ ಬುದ್ಧಿ ನನಗೆ ಆ ದಿನಗಳಲ್ಲಿ ಇರಲಿಲ್ಲ. ಮನಸ್ಸೇ ಇರಲಿಲ್ಲ. ಅವರು ನಿಂತರು. ಗಾಡಿಯನ್ನು ಗೇಟಿಗೆ ಒರಗಿಸಿ ಅಂಗಳಕ್ಕೆ ಬಂದು, ತಮ್ಮ ಮಲಗಿದ್ದ ಕೋಣೆಯ ಕಿಟಕಿಯ ಹೊರಗೆ ನಿಂತರು.

"ಅಮ್ಮಾ, ಪುಳ್ಳಿಗೆ ಜ್ವರ ಜೋರುಂಟಂತಲ್ಲ."

"ಇರಲಿ. ನಿನ್ನ ಐಸು ಬೇಡ" ಎಂದಳು ಅಜ್ಜಿ ಒಳಗಿನಿಂದ. "ನನ್ನ ಮಗಳ ತಲೆಗೆ ಇಟ್ಟದ್ದು ಸಾಕು."

"ಅದಕ್ಕೆ ನಾನು ಎಂತದೂ ಹೇಳುದಿಲ್ಲ."

"ನಿನ್ನ ಮಗಳಿಗೆ ಯಾಕೆ ಇಡ್ಲಿಲ್ಲ? ಅದು ಹೇಳು. ಊರಿಗೆಲ್ಲ ಕೊಡುವವ ನೀನು."

ಅಪ್ಪ ಜಗಲಿಯಿಂದ, "ಅತ್ತೇ, ಬಿಡಿ" ಎಂದರು. ಕಾಕ ಕೈ ಎತ್ತಿ ಅಪ್ಪನನ್ನು ತಡೆದರು. ಆಮೇಲೆ ಅದೇ ಕೈಯನ್ನು ಕಿಟಕಿಯ ಸರಳಿನ ನಡುವೆ ತೂರಿಸಿ ಅಂಗೈ ತೋರಿಸಿದರು. ಬೆಳ್ಳಗೆ, ನೀರಲ್ಲಿ ನೆನೆಸಿದ ಅವಲಕ್ಕಿಯ ಹಾಗೆ ಮೆತ್ತಗಾಗಿ ಮುದುಡಿದ ಅಂಗೈ.

"ಈ ಕೈಗೆ ಗೊತ್ತಾಗ್ಲಿಲ್ಲಮ್ಮ. ಎಷ್ಟು ವರ್ಷದಿಂದ ಐಸು ಹಿಡಿದ ಕೈ. ಬಿಸಿ, ತಣ್ಣಗೆ ಎರಡೂ ಒಂದೇ ಇದಕ್ಕೆ. ಮಗಳ ಹಣೆ ಮುಟ್ಟಿ ನೋಡಿದೆ, ಎಂತ ಇಲ್ಲ ಅಂದೆ. ಹೆಂಡತಿ ಹೇಳಿದ್ಲು, ಸುಡ್ತಾ ಉಂಟು, ಐಸು ತನ್ನಿ ಅಂತ. ನಾನು ಕೇಳ್ಲಿಲ್ಲ. ಕೆಟ್ಟದ್ದು ಅಂತ ಗೊತ್ತಿದ್ದು ಇಡದೆ ಇದ್ದದ್ದಲ್ಲ. ತಪ್ಪು ನಂದು, ಐಸಿನದ್ದಲ್ಲ. ನನ್ನ ತಪ್ಪನ್ನು ನೋಡಿಕೊಂಡು ನೀವು ಈ ಮಗುವಿಗೆ ಬೇಡ ಹೇಳುದು ಬೇಡ."

ಅವರ ದನಿ ಏರಲಿಲ್ಲ, ನಡುಗಲಿಲ್ಲ. ಅಜ್ಜಿ ಆ ಕೈಯನ್ನು ನೋಡುತ್ತಾ ಕೂತಳು. ಒಂದು ಬೆರಳು ಚಾಚಿ ಮುಟ್ಟಿದಳು, ಹಿಂದೆ ತೆಗೆದಳು. ಆಮೇಲೆ ನನ್ನ ಕಡೆ ತಿರುಗಿ, "ಬೋಗುಣಿ ತಾ" ಎಂದಳು.

ತಮ್ಮ ಉಳಿದ. ಐಸಿನಿಂದಲೇ ಉಳಿದನೋ, ಉಳಿಯುವ ಆಯುಷ್ಯ ಇತ್ತೋ, ನನಗೆ ಗೊತ್ತಿಲ್ಲ. ಅಮ್ಮನಿಗೂ ಅದೇ ಐಸು ಇಟ್ಟಿದ್ದೆನಲ್ಲ. ಆದರೆ ಬೋಗುಣಿಯಲ್ಲಿ ಚೂರು ಹಾಕಿಕೊಂಡು ಸಂಜೆಯವರೆಗೆ ಅವನ ಹಣೆ ಒರೆಸಿದ್ದು, ಕತ್ತಲಾಗುವ ಹೊತ್ತಿಗೆ ಅವನು ಕಣ್ಣು ನೆಟ್ಟಗೆ ಮಾಡಿ ನನ್ನನ್ನು ಅಕ್ಕ ಎಂದು ಕರೆದದ್ದು ನಿಜ. ನಾನು ಅತ್ತದ್ದು ಆ ಹೊತ್ತಿಗೆ, ಅಮ್ಮನಿಗಾಗಿ.

ಕಾಕ ಆ ಮಾತನ್ನು ನಮ್ಮ ಮನೆಯಲ್ಲಿ ಮಾತ್ರ ಹೇಳಿದ್ದಲ್ಲ. ಐಸು ಬೇಡ ಎಂದ ಒಂದೊಂದೇ ಮನೆಯ ಅಂಗಳದಲ್ಲಿ ನಿಂತು ಕೈ ತೋರಿಸಿ ಹೇಳಿದರು ಎಂದು ಆಮೇಲೆ ತಿಳಿಯಿತು. ಕೆಲವರು ಕೇಳಿದರು, ಕೆಲವರು ಬಾಗಿಲು ಹಾಕಿಕೊಂಡರು. ಜ್ವರ ಊರು ಬಿಟ್ಟುಹೋದರೂ ಮಾತು ಬಿಡಲಿಲ್ಲ. ಓಣಿಯವರು ಅವರನ್ನು ಕೈ ಸತ್ತ ಬ್ಯಾರಿ ಎಂದರು. ಮಗಳ ಜ್ವರ ಗೊತ್ತಾಗದ ಅಪ್ಪ ಎಂತ ಅಪ್ಪ ಎಂದು ಹೆಂಗಸರು ನೀರು ಸೇದುವಾಗ ಆಡಿಕೊಂಡರು. ಅವರ ಹೆಂಡತಿಯನ್ನು ಮಾತ್ರ ಎಲ್ಲರೂ ಅಯ್ಯೋ ಪಾಪ ಎಂದರು. ಕಾಕ ಗಾಡಿ ತಳ್ಳಿದರು. ಅಜ್ಜಿ ಆಮೇಲೆ ಅವರಿಗೆ ಜಗಲಿಯಲ್ಲಿ ಮಣೆ ಹಾಕಿಸುತ್ತಿದ್ದಳು. ಅವರು ಕೂರುತ್ತಿರಲಿಲ್ಲ, ನೆಲ ಒದ್ದೆ ಆಗ್ತದೆ ಎನ್ನುತ್ತಿದ್ದರು.

ಎರಡು ವರ್ಷ ಕಳೆದು ನನ್ನ ಮದುವೆಯಾಗಿ ಕುಲಶೇಖರಕ್ಕೆ ಬಂದೆ. ಓಣಿಯ ಸುದ್ದಿ ತಮ್ಮ ಬಂದಾಗ ಮಾತ್ರ. ಅಜ್ಜಿ ಹೋದಳು. ಐಸು ಲಾರಿಯಲ್ಲಿ ಬರತೊಡಗಿ ಕಾಕನ ಗಾಡಿ ಮೂಲೆ ಸೇರಿತು. ಅರವತ್ತರ ದಶಕದ ನಡುವೆ ಒಂದು ಉಪವಾಸದ ತಿಂಗಳಲ್ಲಿ ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ತಡವಾಗಿ. ಅವರ ಹೆಂಡತಿ ಬಜಪೆಯ ಅಣ್ಣನ ಮನೆಯಲ್ಲಿದ್ದರು, ನೋಡಲು ಹೋದೆ. ಗಂಡ ಸತ್ತ ಹೆಂಗಸು ಕೆಲವು ತಿಂಗಳು ಹೊರಗೆ ಕಾಣಿಸಿಕೊಳ್ಳುವಂತಿಲ್ಲ ಅವರಲ್ಲಿ. ನಾನು ಹೆಂಗಸಾದ್ದರಿಂದ ಒಳಗೆ ಬಿಟ್ಟರು.

ಮಾಮಿ ಎಂದು ಕರೆದು ಹತ್ತಿರ ಕೂತೆ. ಏನು ಮಾತಾಡುವುದು ಗೊತ್ತಾಗದೆ, "ಕಾಕ ಆ ದಿನ ಬಂದು ಕೈ ತೋರಿಸಿ ಹೇಳದಿದ್ದರೆ ನಮ್ಮ ತಮ್ಮ ಇರುತ್ತಿರಲಿಲ್ಲ" ಎಂದೆ.

"ಕೈಗೆ ಎಂತ ಆಗಿತ್ತು ಮಗಾ?" ಎಂದರು ಮಾಮಿ. "ಎಂತದೂ ಆಗಿರ್ಲಿಲ್ಲ. ನನಗೆ ಜ್ವರ ಬಂದ್ರೆ ಹಣೆ ಮುಟ್ಟಿ ಇಷ್ಟುಂಟು ಹೇಳ್ತಿದ್ರು. ಡಾಕ್ಟ್ರು ನೋಡಿದ್ರೂ ಅಷ್ಟೇ ಇರ್ತಿತ್ತು."

ನನಗೆ ಅರ್ಥವಾಗಲಿಲ್ಲ. ಅವರು ನನ್ನನ್ನು ನೋಡದೆ ಮುಂದುವರಿಸಿದರು.

"ಮಗಳಿಗೆ ಮೊದಲನೇ ದಿನವೇ ಐಸು ತಂದಿದ್ರು. ನಾನು ಬಿಡ್ಲಿಲ್ಲ. ಮಗಳ ಮೇಲೆ ಅಡ್ಡ ಬಿದ್ದು ಹಿಡ್ಕೊಂಡೆ. ನಿಮ್ಮ ಅಮ್ಮ ಐಸು ಇಟ್ಟೇ ಹೋದದ್ದು ಅಂತ ಕೇಳಿದ್ದೆ. ಇವಳನ್ನೂ ಕೊಲ್ತೀರಾ ಕೇಳಿದೆ. ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತ್ರು, ಪೂರಾ ನೀರಾಗುವವರೆಗೆ. ಮತ್ತೆ ತಂದ್ರು. ಮತ್ತೆ ಬಿಡ್ಲಿಲ್ಲ. ನಾಲ್ಕು ದಿನವೂ ತಂದ್ರು."

"ಆಮೇಲೆ ನಿಮಗೆ ಏನೂ ಹೇಳಲಿಲ್ವಾ ಮಾಮಿ?"

"ಇಲ್ಲ. ಜನ ಕೇಳಿದ್ರೆ ನನ್ನ ಕೈ ಅಂದ್ರು. ನನ್ನ ಎದುರೂ ಹಾಗೇ ಹೇಳ್ತಿದ್ರು. ಕೇಳಿ ಕೇಳಿ ಕೊನೆಗೆ ನನಗೂ ಹೌದಾ ಅನ್ನಿಸ್ತಿತ್ತು."

ಅವರ ಕಣ್ಣು ಒಣಗಿಯೇ ಇತ್ತು. ತಮ್ಮ ಎಷ್ಟನೇ ಕ್ಲಾಸು ಎಂದು ಕೇಳಿದರು. ಹೇಳಿದೆ. ಚಹಾ ಬಂತು, ಕುಡಿದೆ. ಬಸ್ಸು ಹಿಡಿದು ಕುಲಶೇಖರದಲ್ಲಿ ಇಳಿದು, ಮನೆಗೆ ಬಂದು ರಾತ್ರಿಯ ಅಡುಗೆ ಮಾಡಿದೆ.

ತಮ್ಮ ಈಗಲೂ ಮೊಮ್ಮಕ್ಕಳಿಗೆ ಆ ಕಥೆ ಹೇಳುತ್ತಾನೆ: ಕೈ ಸತ್ತ ಒಬ್ಬ ಬ್ಯಾರಿ ಇದ್ದ, ತನ್ನ ಮಗಳ ಜ್ವರವೇ ಅವನಿಗೆ ಗೊತ್ತಾಗಲಿಲ್ಲ, ನನ್ನನ್ನು ಮಾತ್ರ ಉಳಿಸಿದ. ಮಕ್ಕಳು ನನ್ನ ಕಡೆ ತಿರುಗಿ, ಹೌದಾ ಅಜ್ಜಿ, ನಿಜವಾಗಿ ಗೊತ್ತಾಗಲಿಲ್ವಾ ಎಂದು ಕೇಳುತ್ತಿದ್ದರು. ಮಾಮಿ ಬಹಳ ವರ್ಷ ಬದುಕಿದರು. ಈಗ ಅವರೂ ಇಲ್ಲ, ಆದ್ದರಿಂದ ಇದನ್ನು ಬರೆದಿದ್ದೇನೆ. ಅವರು ಇದ್ದಷ್ಟು ಕಾಲ, ಯಾರು ಕೇಳಿದರೂ, ನಾನು ಕೊಟ್ಟ ಉತ್ತರ ಒಂದೇ. ಇಲ್ಲ, ಅವರ ಕೈಗೆ ಗೊತ್ತಾಗಲಿಲ್ಲ.